ಎಂಟು ಲಾಳದ ಪೆಟ್ಟಿಗೆಗಳು

ಆ ಮದುವೆಯ ದಿನ ನಿಜವಾಗಿ ಏನಾಯಿತೆಂದು ಖಚಿತವಾಗಿ ಹೇಳಲಾರೆ. ವಾರ್ನಿಷ್ ಸುಟ್ಟ ವಾಸನೆ ಎಲ್ಲಿ ಬಂದರೂ ಹೊಳಲ್ಕೆರೆಯ ನಮ್ಮ ಪಡಸಾಲೆ ಕಣ್ಣ ಮುಂದೆ ನಿಲ್ಲುತ್ತದೆ, ಆದರೆ ವಾಸನೆ ಸಾಕ್ಷಿಯಾಗದು. ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದ ಮೇಲೆ ನನಗೆ ಮೊದಲ ಅನುಮಾನ ನನ್ನ ನೆನಪಿನ ಮೇಲೆಯೇ. ಅಂದು ಮಳೆ ಬಂದು ವೈರು ನೆಂದಿತ್ತು ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ಮಳೆಯೇ ಇಲ್ಲ.

ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವನ ತಮ್ಮ, ನಮ್ಮ ಚಿಕ್ಕಪ್ಪ, ಮದುವೆ ಮುಂಜಿಗೆ ಮೈಕ್ ಸೆಟ್ ಹಾಕುತ್ತಿದ್ದ. ಹೀಗಾಗಿ ಪಡಸಾಲೆಯಲ್ಲಿ ಟಿಂಚರಿನ ವಾಸನೆಯೂ ಬೆಸುಗೆಯ ಹೊಗೆಯೂ ಸದಾ ಒಟ್ಟಿಗಿರುತ್ತಿದ್ದವು. ನಾವು ಮಂಡಿ ತರಚಿಕೊಂಡು ಬಂದರೆ ಅಪ್ಪ ಆಸ್ಪತ್ರೆಯ ಅಂಟು ಪ್ಲಾಸ್ಟರ್ ಹಚ್ಚಿ, ಬಿಚ್ಚುವಾಗ ನೋಯದಿರಲೆಂದು ಅದರ ತುದಿಯನ್ನು ಒಳಕ್ಕೆ ಮಡಚುತ್ತಿದ್ದ. ಸ್ಪೀಕರ್ ಪೆಟ್ಟಿಗೆಗಳ ಬೆನ್ನ ಮೇಲೆ ಎಂಟು ಎಂಬ ಅಂಕಿ, ಪಕ್ಕದಲ್ಲಿ ಕುದುರೆ ಲಾಳದಂಥ ಗುರುತು. ಅದು ವಿದ್ಯುತ್ ತಡೆಯ ಅಳತೆ, ಓಮ್, ಎಂದು ತಿಳಿಯುವ ಮೊದಲೇ ನಾವು ಮಕ್ಕಳು ಅದನ್ನು ಎಂಟು ಲಾಳ ಎಂದೆವು. ಚಿಕ್ಕಪ್ಪನಿಗೂ ಅದೇ ರೂಢಿಯಾಯಿತು. "ಎರಡು ಪೆಟ್ಟಿಗೆ ಒಂದರ ಹಿಂದೊಂದು ಕಟ್ಟಿದ್ರೆ ಹದಿನಾರು ಲಾಳ. ಅಂಥ ಎರಡು ಜೋಡಿ ಅಕ್ಕಪಕ್ಕ ಕಟ್ಟಿದ್ರೆ ಮತ್ತೆ ಎಂಟು. ನಾಲ್ಕಕ್ಕಿಂತ ಕೆಳಗಿಳಿದ್ರೆ ಆಂಪ್ಲಿಫೈಯರ್ ಸುಟ್ಟೋಗ್ತೈತೆ ಕಣಲೇ," ಎನ್ನುತ್ತಿದ್ದ. ಒಳಗಿನಿಂದ ಅವ್ವ, "ಬರೀ ಲಾಳನೇ ಎಣಿಸ್ತೀಯಲ್ಲಪ್ಪ, ಕುದುರೆ ಯಾವಾಗ ತರ್ತೀಯ?" ಎಂದು ನಗುತ್ತಿದ್ದಳು.

ಸೋದರತ್ತೆಯ ಮಗಳ ಮದುವೆಗೆ ಚಿಕ್ಕಪ್ಪ ನಮ್ಮ ಮನೆ ಮುಂದಿನ ಚಪ್ಪರದಲ್ಲಿ ನಾಲ್ಕು ಪೆಟ್ಟಿಗೆ ಕಟ್ಟಿದ್ದ, ಅವನ ಲೆಕ್ಕದಂತೆ ಎಂಟು ಲಾಳಕ್ಕೆ. ಭರಮಸಾಗರದ ಬೀಗರು, "ಊಟದ ಕಡೀಗೂ ಕೇಳಂಗೆ ಮಾಡ್ರಿ," ಎಂದರು. ಬೀಗರ ಮಾತಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಯಾರೋ ಚಿಕ್ಕಪ್ಪನವೇ ಇನ್ನೆರಡು ಪೆಟ್ಟಿಗೆ ತಂದು, ಅಕ್ಕಪಕ್ಕ, ನೇರ ಆಂಪ್ಲಿಫೈಯರಿಗೇ ಸಿಕ್ಕಿಸಿದರು. ಲಾಳ ಮೂರಕ್ಕಿಂತಲೂ ಕೆಳಗಿಳಿದಿರಬೇಕು. ತಾಳಿ ಕಟ್ಟುವ ಹೊತ್ತಿಗೆ ವಾಲಗದ ಸದ್ದು ಗೊರಗೊರ ಎಂದು ನಿಂತು, ಪಡಸಾಲೆಯಲ್ಲಿಟ್ಟಿದ್ದ ಆಂಪ್ಲಿಫೈಯರಿನ ವಾರ್ನಿಷ್ ಸುಟ್ಟು ಹೊಗೆ ಎದ್ದಿತು. ಅಪ್ಪ ಬೀಗರೆದುರಿಗೇ, "ಕುಡ್ಕೊಂಡು ಕಟ್ಟಿದೀಯೇನಲೇ?" ಎಂದ. ಚಿಕ್ಕಪ್ಪ ಕುಡಿಯುತ್ತಿರಲಿಲ್ಲ. "ನಾನು ಕಟ್ಟಿದ್ದು ನಾಲ್ಕೇ ಅಣ್ಣ," ಎಂದನೆಂದು ನನ್ನ ನೆನಪು. ಆಮೇಲೆ ನಾನೇ ಅವನ ಬಾಯಿಗೆ ಹಾಕಿದ ಮಾತೂ ಇರಬಹುದು. ಕೆಲವೇ ದಿನಗಳಲ್ಲಿ ಅವನು ಹಿರಿಯೂರಿಗೆ ಹೋದ. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಪೆಟ್ಟಿಗೆಗಳನ್ನು ಅಪ್ಪ ವೈರು ಸಮೇತ ಅಟ್ಟಕ್ಕೆ ಏರಿಸಿದ, ಯಾರನ್ನೂ ಮುಟ್ಟಗೊಡಲಿಲ್ಲ. ಪಡಸಾಲೆಯಲ್ಲಿ ಟಿಂಚರಿನ ವಾಸನೆಯೊಂದೇ ಉಳಿಯಿತು. ಚಿಕ್ಕಪ್ಪ ಸತ್ತಾಗ ಅಪ್ಪ ಹೋಗಿ ಮಣ್ಣು ಹಾಕಿ ಬಂದವನು ಬಚ್ಚಲಲ್ಲಿ ಬಹಳ ಹೊತ್ತು ಕೂತಿದ್ದ.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಮೊನ್ನೆ ಮನೆ ಕೆಡವುವ ಮೊದಲು ಅಟ್ಟ ಹತ್ತಿ ಆರೂ ಪೆಟ್ಟಿಗೆ ಇಳಿಸಿದೆ. ನಾಲ್ಕರ ವೈರಿನ ಗಂಟುಗಳಿಗೆ ಚಿಕ್ಕಪ್ಪ ಸುತ್ತುತ್ತಿದ್ದ ಕಪ್ಪು ಟೇಪು. ಮಳೆ ಬಂದಿತ್ತೋ ಇಲ್ಲವೋ, ಚಿಕ್ಕಪ್ಪ ಆ ಮಾತು ಆಡಿದನೋ ಇಲ್ಲವೋ, ಕೇಳಲು ಯಾರೂ ಉಳಿದಿಲ್ಲ. ಇದೊಂದನ್ನು ಮಾತ್ರ ಬಾಗಿಲ ಬೆಳಕಿಗೆ ಹಿಡಿದು ನಾನೇ ನೋಡಿದ್ದೇನೆ: ಉಳಿದೆರಡರ ಗಂಟುಗಳಿಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಸುತ್ತಿತ್ತು, ಅದರ ತುದಿ ಒಳಕ್ಕೆ ಮಡಚಿತ್ತು.