ತಗಡಿನ ಕೋಣೆಯ ಸರ್ವರ್

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಫ್ರಿಜ್ ಅಕ್ಕ ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದ ಫ್ರಿಜ್, ಏಸಿ ರಿಪೇರಿ ಮಾಡುತ್ತಾಳೆ. ಆದರೆ ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ ಸದಾ ಓಡುತ್ತಿರುವ ಅವಳ ಸ್ವಂತ ಸರ್ವರ್‌ಗೆ ಏಸಿ ಇಲ್ಲ. ಊರಿಗೆಲ್ಲ ತಂಪು ಹಂಚಿ, ತನ್ನ ಕಂಪ್ಯೂಟರನ್ನು ಕಾವಲಿಯ ಮೇಲೆ ಕೂರಿಸಿದ್ದಾಳೆ ಎಂದು ಅವಳ ತಮ್ಮನೇ ಆಡಿಕೊಳ್ಳುತ್ತಾನೆ.

ಅದರಲ್ಲಿರುವುದು ಅಂಧ ಮಕ್ಕಳ ಶಾಲೆಯ ಪಾಠಗಳು. ನಾವು ಹತ್ತಾರು ಮಂದಿ ಓದಿ ಧ್ವನಿಮುದ್ರಿಸಿದ್ದು. ಮಕ್ಕಳು ಮನೆಯಿಂದಲೇ ಫೋನಿನಲ್ಲಿ ಕೇಳುತ್ತಾರೆ. ಮೊದಲು ಇವು ಒಂದು ಕಂಪನಿಯ ಬಳಿ ಇದ್ದವು. ಅವರು ಆ ಸೇವೆಯನ್ನೇ ಮುಚ್ಚಿದಾಗ ಎರಡು ವರ್ಷದ ಓದು ಹೇಳಹೆಸರಿಲ್ಲದೆ ಹೋಯಿತು. ಇನ್ನು ನಮ್ಮ ಮನೆಯಲ್ಲೇ ಇರಲಿ ಎಂದಳು ಅಕ್ಕ. ಕಚೇರಿಗಳು ಎಸೆದ ಕಂಪ್ಯೂಟರುಗಳನ್ನು ಬಿಚ್ಚಿ, ಜೋಡಿಸಿ, ಕೆಡಿಸಿ ಕಲಿತಳು. ಬಿಸಿಲ ಕಾವು ಒಳಗಿಳಿಯದಂತೆ ತಗಡಿನ ಕೆಳಗೆ ಸತ್ತ ಫ್ರಿಜ್‌ಗಳ ಬಾಗಿಲುಗಳನ್ನು ಸಾಲಾಗಿ ಬಿಗಿದಳು. ನೆರಳಿನ ಕಡೆ ನೆಲಮಟ್ಟದಲ್ಲಿ ಗಾಳಿ ಬರಲು ಒಂದು ಕಿಂಡಿ, ಎದುರು ಗೋಡೆಯ ಮೇಲ್ತುದಿಯಲ್ಲಿ ಬಿಸಿಯನ್ನು ಹೊರದಬ್ಬುವ ಫ್ಯಾನು.

ಶಾಲೆಯ ಕಾರ್ಯದರ್ಶಿಗಳಿಗೆ ಇದು ಸರಿಬರಲಿಲ್ಲ. ಒಮ್ಮೆ ನಿಂತರೂ ಸಾಕು, ಎತ್ತಿಕೊಂಡು ಹೋಗಿ ಬೇರೆ ಕಂಪನಿಗೆ ಒಪ್ಪಿಸುತ್ತೇನೆ ಎಂದಿದ್ದರು.

ಈ ಬೇಸಿಗೆಯಲ್ಲಿ, ಪರೀಕ್ಷೆಗೆ ಐದು ದಿನ ಇರುವಾಗ, ನಿಂತಿತು.

ಅಕ್ಕ ಕೆಲಸ ಬಿಟ್ಟು ಓಡಿ ಬಂದಳು. ನಾನೂ ಹಿಂದೆಯೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದರೆ ಒಳಗೆ ಬಚ್ಚಲುಮನೆಯ ಹಾಗೆ ತೇವ. ಪಾಪ, ಅವಳ ತಮ್ಮ ಅಕ್ಕರೆಯಿಂದ ನೀರಿನ ಕೂಲರ್ ತಂದಿಟ್ಟು, ತಂಪು ಹೊರಗೆ ಹೋಗದಿರಲೆಂದು ಕಿಂಡಿಗೂ ಫ್ಯಾನಿಗೂ ಗೋಣಿಚೀಲ ತುರುಕಿದ್ದ.

ಅಷ್ಟರಲ್ಲಿ ಕಾರ್ಯದರ್ಶಿಗಳು ವ್ಯಾನಿನಲ್ಲಿ ಬಂದಿಳಿದರು.

“ನಾನು ಹೇಳಿರಲಿಲ್ವೇನಮ್ಮಾ? ಬಿಸಿಗೆ ಕೆಡ್ತು.”

“ಬಿಸಿಗಲ್ಲ ಸರ್. ಉಪಚಾರಕ್ಕೆ ಕೆಡ್ತು,” ಎಂದಳು ಅಕ್ಕ.

ಕೂಲರನ್ನು ಹೊರಗೆ ನೂಕಿ, ಗೋಣಿ ಕಿತ್ತೆಸೆದು, ಒಂದೊಂದೇ ಭಾಗ ಬಿಚ್ಚಿ ಒರೆಸಿ ಒಣಗಿಸಿದಳು. ನಾನು ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಎರಡು ಗಂಟೆಯ ನಂತರ ಪಾಠ ಮತ್ತೆ ಫೋನಿನಲ್ಲಿ ಕೇಳಿಸಿತು. ಕಾರ್ಯದರ್ಶಿಗಳು ಅಷ್ಟಕ್ಕೆ ಬಿಡಲಿಲ್ಲ. ಇನ್ನು ನಿಲ್ಲುವುದಿಲ್ಲ ಎಂದು ಬರೆದುಕೊಡಬೇಕಂತೆ.

“ಬರೆದೇನೂ ಕೊಡಲ್ಲ. ನಾಳೆ ಮಧ್ಯಾಹ್ನ ಎರಡಕ್ಕೆ ಬನ್ನಿ, ಇದರ ಪಕ್ಕದಲ್ಲೇ ಕೂತ್ಕೊಳ್ಳಿ. ನಿಂತ್ರೆ ನಾನೇ ಹೊತ್ತು ವ್ಯಾನಿಗೆ ಹಾಕ್ತೀನಿ.”

ಬಂದರು. ಅಕ್ಕ ಸ್ಟೂಲು ಹಾಕಿ ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟಳು. ನಲವತ್ತೊಂದು ಡಿಗ್ರಿ. ಪರೀಕ್ಷೆ ಹತ್ತಿರವಾದ್ದರಿಂದ ಮಕ್ಕಳೆಲ್ಲ ಒಟ್ಟಿಗೇ ಕೇಳುತ್ತಿದ್ದರು. ಸರ್ವರ್‌ನ ಹಸಿರು ದೀಪ ಬಿಡುವಿಲ್ಲದೆ ಮಿನುಗುತ್ತಿತ್ತು. ಅರ್ಧ ಗಂಟೆಯಲ್ಲಿ ಕಾರ್ಯದರ್ಶಿಗಳ ಅಂಗಿ ಬೆನ್ನಿಗೆ ಅಂಟಿತು. ಆಮೇಲೆ ಕರವಸ್ತ್ರ ಹಿಂಡುವ ಹಾಗಾಯಿತು. ಮೂರೂಕಾಲಿಗೆ ಅವರು ಎದ್ದು ಬಾಗಿಲ ಕಡೆ ನಡೆದರು.

“ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಸರ್,” ಎಂದಳು ಅಕ್ಕ. “ಅದಕ್ಕೇನೂ ತೊಂದರೆ ಇಲ್ಲ.”