ಹತ್ತಿದವರನ್ನೂ ಇಳಿಸಿದ ಲೆಕ್ಕ

ಸವದತ್ತಿಯ ಆ ಟ್ಯೂಷನ್ ಕ್ಲಾಸಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಾಲ್ಕು ಪದಗಳಿದ್ದವು: ಭಾಗಿಸು, ಗುಣಿಸು, ಕೂಡಿಸು, ಕಳೆ. ಇದೇ ಕ್ರಮದಲ್ಲಿ ಲೆಕ್ಕ ಬಿಡಿಸಬೇಕೆಂದು ಕ್ಲಾಸು ನಡೆಸುವ ಸರ್ ಬರೆಸಿದ್ದರು. ಏಳನೇ ತರಗತಿಯಲ್ಲಿದ್ದಾಗ ಆ ಗೋಡೆಯ ಎದುರು ಕುಳಿತು ನಾನೂ ಅದನ್ನು ಬಾಯಿಪಾಠ ಮಾಡಿದ್ದೆ. ಬಿ.ಎಸ್ಸಿ. ಮುಗಿದ ಮೇಲೆ ಸರ್ ತಾವೇ ಕರೆದು ಸಣ್ಣ ಮಕ್ಕಳ ಗಣಿತವನ್ನು ನನಗೆ ವಹಿಸಿದರು. ಮನೆಯ ಹೊರಗೆ ನನ್ನದು ಎನ್ನುವ ಕೆಲಸ ಅದೊಂದೇ.

ಹೂಲಿಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಏನನ್ನಾದರೂ ಎಣಿಸದಿದ್ದರೆ ನನಗೆ ದಿನ ಮುಗಿದಂತೆ ಅನಿಸುವುದಿಲ್ಲ. ಪ್ರತಿ ಸ್ಟಾಪಿನಲ್ಲಿ ಇಳಿದವರೆಷ್ಟು, ಹತ್ತಿದವರೆಷ್ಟು, ಉಳಿದವರೆಷ್ಟು ಎಂದು ತಾರೀಖು ಹಾಕಿ ಡೈರಿಯಲ್ಲಿ ಬರೆಯುತ್ತಿದ್ದೆ. ಒಂದು ಶುಕ್ರವಾರ ಅಂದಿನ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆ: 23 − 5 + 4 = 22.

ಬಾಗಿಲಲ್ಲಿ ನಿಂತಿದ್ದ ಸರ್ ಒಳಗೆ ಬಂದರು.

"ತಪ್ಪೈತಿ. ಕೂಡಿಸೂದು ಮೊದಲ. ಐದು ನಾಕು ಒಂಬತ್ತು. ಇಪ್ಪತ್ಮೂರರಾಗ ಒಂಬತ್ತು ಹೋದ್ರ ಹದಿನಾಕು. ಅಳಸು ಅದನ್ನ."

"ಸರ, ಇದು ಇವತ್ತಿನ ಬಸ್ಸಿನ ಲೆಕ್ಕರಿ. ಐದ ಮಂದಿ ಇಳದ್ರು, ನಾಕ ಮಂದಿ ಹತ್ತಿದ್ರು. ನೀವು ಹತ್ತಿದವರನ್ನೂ ಕೂಡಿಸಿ ಇಳಿಸಿಬಿಟ್ರಿ. ಕಿಡಕ್ಯಾಗಿಂದ ಟವೆಲ್ ಒಗದು ಸೀಟ ಹಿಡದವರು ಸುಮ್ಮನ ಇಳೀತಾರೇನ್ರಿ?"

ಮಕ್ಕಳು ನಕ್ಕರು. ಸರ್ ನಗಲಿಲ್ಲ.

"ಬಸ್ಸ ಬ್ಯಾರೆ, ಗಣಿತ ಬ್ಯಾರೆ. ನಿನಗ ಇದನ್ನ ಕಲಿಸಿದವರು ಯಾರು?"

"ನೀವರಿ."

"ಮತ್ತ?"

"ಆವಾಗ ನಾ ಬಸ್ಸಿನಾಗ ಎಣಸ್ತಿದ್ದಿಲ್ಲರಿ."

ಸರ್ ದನಿ ಏರಿಸಲಿಲ್ಲ. "ಸೋಮವಾರ ಬಂದು ಗ್ವಾಡಿ ಮ್ಯಾಲ ಇದ್ದಂಗ ಕಲಸು. ಇಲ್ಲಾಂದ್ರ ಬರಬ್ಯಾಡ."

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ಗ್ವಾಡಿ ಅವರದು, ಹಲಗಿ ಅವರದು. ಅವರು ಹೇಳಿದಂಗ ಬರದ್ರ ನಿನ್ನ ಗಂಟೇನ ಹೋಗತೈತಿ?"

"ನನ್ನದಲ್ಲವ್ವಾ, ಹುಡುಗೂರದು ಹೋಗತೈತಿ," ಎಂದೆ. ಅವಳು ತಟ್ಟೆ ಮುಂದೆ ಸರಿಸಿದಳು.

ಸೋಮವಾರ ಹೋದೆ. ಮೊದಲು 2 + 5 × 3 ಬರೆದೆ. ನಿಂತವರು ಇಬ್ಬರು, ಮೂರು ಮಂದಿ ಕೂರುವ ತುಂಬಿದ ಸೀಟು ಐದು. ಸೀಟುಗಳನ್ನು ಮೊದಲು ಮಂದಿ ಮಾಡಿಕೊಳ್ಳಬೇಕು, ಆಮೇಲೆ ನಿಂತವರ ಜೊತೆ ಕೂಡಿಸಬೇಕು: ಹದಿನೇಳು. ಗುಣಾಕಾರ ಮೊದಲು ಬರುವುದು ಅದಕ್ಕೇ. ಆದರೆ ಕೂಡಿಸುವುದಕ್ಕೂ ಕಳೆಯುವುದಕ್ಕೂ ನಡುವೆ ಮೇಲು ಕೀಳು ಇಲ್ಲ. ಎಡದಿಂದ ಬಲಕ್ಕೆ, ಬಂದ ಹಾಗೆ. ಗುಣಿಸುವುದಕ್ಕೂ ಭಾಗಿಸುವುದಕ್ಕೂ ಇದೇ ಮಾತು. ಹೇಳಿ ಮುಗಿಸಿ 23 − 5 + 4 = 22 ಎಂದು ಮತ್ತೆ ಬರೆದೆ.

ಸರ್ ಬಂದು ಡಸ್ಟರ್ ತೆಗೆದುಕೊಂಡು ಅಳಿಸಿದರು. ನಾನು ಬರೆದೆ. ಅವರು ಅಳಿಸಿದರು. ಇನ್ನೊಮ್ಮೆ ಬರೆದೆ, ಈ ಸಲ ದೊಡ್ಡ ಅಂಕಿಗಳಲ್ಲಿ.

"ಖಡು ಇಲ್ಲಿ ಕೊಡು," ಎಂದು ಕೈ ಚಾಚಿದರು. ಸೀಮೆಸುಣ್ಣವನ್ನು ಅವರ ಅಂಗೈಯಲ್ಲಿಟ್ಟು ನಮಸ್ಕಾರ ಮಾಡಿದೆ. ಕಲಿಸಿದವರು, ಅದು ಸಲ್ಲಬೇಕಾದದ್ದು. ಉತ್ತರವನ್ನು ಮಾತ್ರ ನಾನು ಅಳಿಸಲಿಲ್ಲ.

ಸಂಜೆಯ ಬಸ್ಸಿನಲ್ಲಿ ನಮ್ಮೂರಿನವಳೇ ಆದ ಆ ಕ್ಲಾಸಿನ ಹುಡುಗಿ ಪಕ್ಕದಲ್ಲಿ ಬಂದು ಕುಳಿತಳು.

"ಅಕ್ಕೋರ, ನಾಳೆ ಬರೂದಿಲ್ಲೇನ್ರಿ?"

"ಇಲ್ಲ."

ಮುಂದಿನ ಸ್ಟಾಪಿನಲ್ಲಿ ಆರು ಮಂದಿ ಇಳಿದರು, ಮೂವರು ಹತ್ತಿದರು. ಅವಳು ಬಾಗಿಲು ನೋಡುತ್ತ ತುಟಿ ಅಲುಗಿಸಿದಳು.

"ಮೂವತ್ತೊಂದ ಮಂದಿ ಇದ್ವಿರಿ. ಈಗ ಇಪ್ಪತ್ತೆಂಟ."

"ಸರ ಆರು ಮೂರು ಕೂಡಿಸಿ ಕಳದು ಇಪ್ಪತ್ತೆರಡ ಅಂದ್ರ?"

"ಬಸ್ಸಿಗಿ ಬಂದು ಎಣಸ್ರಿ ಅಂತೇನಿ."