ಭಾವನ ಲಗ್ ವಾಲ್ವ್

ಬಣ್ಣದ ಕಾರ್ಖಾನೆಯ ಪಂಪ್‌ಹೌಸಿನಲ್ಲಿ ಫಿಟ್ಟರ್ ಮೊದಲು ನನ್ನ ಕಣ್ಣಿಗೆ ಬಿದ್ದ ದಿನ ಅವನು ಗೋಡೆಗೆ ಮುಖ ಮಾಡಿ ಬೈಯುತ್ತಿದ್ದ. ಬೈಗುಳ ಸಲ್ಲುತ್ತಿದ್ದದ್ದು ಕೊಳವೆಯ ಆಚೆ ಕೂತಿದ್ದ ಹೆಂಡತಿಯ ತಮ್ಮನಿಗೆ. ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಿಂದೆ ಫಿಟ್ಟರ್ ಕೂಡಿಸಿದ ಬಟರ್‌ಫ್ಲೈ ವಾಲ್ವ್ ಒಂದು ಕೆಟ್ಟಾಗ, "ಭಾವಂದೇ ತಪ್ಪು" ಎಂದು ಫೋರ್‌ಮನ್ ಮುಂದೆ ಬಾಯಿಬಿಟ್ಟವನು ಈ ಮೈದುನ. ಹೇಳಿದ್ದು ನಿಜವಾಗಿತ್ತು, ಫಿಟ್ಟರನಿಗೆ ಮೈಯೆಲ್ಲ ಉರಿಯಲು ಅದೇ ಸಾಕಾಯಿತು.

ವಾಲ್ವ್ ಸರಳವಾದದ್ದೇ. ಕೊಳವೆಯ ನಡುವೆ ಕಂಬಿಯೊಂದರ ಮೇಲೆ ತಿರುಗುವ ದುಂಡು ತಟ್ಟೆ. ಹ್ಯಾಂಡಲನ್ನು ಕಾಲು ಸುತ್ತು ತಿರುಗಿಸಿದರೆ ತಟ್ಟೆ ನೀರಿಗೆ ಅಂಚು ತೋರಿಸಿ ದಾರಿ ಬಿಡುತ್ತದೆ. ಹಿಂದಕ್ಕೆ ತಿರುಗಿಸಿದರೆ ಸುತ್ತಲಿನ ರಬ್ಬರಿಗೆ ಒತ್ತಿಕೊಂಡು ತಡೆಯುತ್ತದೆ. ಹ್ಯಾಂಡಲ್ ಕೊಳವೆಗೆ ಅಡ್ಡವಾಗಿದ್ದರೆ ಮುಚ್ಚಿದೆ ಎಂದರ್ಥ. ಬೋಲ್ಟ್ ಬಿಗಿಯುವಾಗ ಮಾತ್ರ ತಟ್ಟೆ ತುಸು ತೆರೆದಿರಬೇಕು. ಇಲ್ಲವಾದರೆ ರಬ್ಬರ್ ಅದನ್ನು ಕಚ್ಚಿ ಹಿಡಿದು ಹಾಳಾಗುತ್ತದೆ. ಫಿಟ್ಟರ್ ಅಂದು ಮರೆತದ್ದು ಇದನ್ನೇ.

ಆ ಜಗಳಕ್ಕೆ ಹೇಳಿ ಮಾಡಿಸಿದಂತಿದ್ದವು ಲಗ್ ವಾಲ್ವ್‌ಗಳು. ಬಟರ್‌ಫ್ಲೈಯದೇ ಒಂದು ಬಗೆಯಾದ ಅವುಗಳ ಅಂಚಿಗೆ ತೂತುಳ್ಳ ಕಿವಿಗಳಿರುತ್ತವೆ, ಆ ಕಿವಿಗಳಿಗೆ ಈ ಬದಿಯ ಬೋಲ್ಟ್ ಬೇರೆ, ಆ ಬದಿಯದು ಬೇರೆ. ಹೀಗಾಗಿ ಭಾವ ಮೈದುನ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಸಾಗಿಸಿದರು.

ಒಂದು ದಿನ ಸ್ಟೋರಿನಿಂದ ವೇಫರ್ ವಾಲ್ವ್ ಬಂತು. ಅದಕ್ಕೆ ಕಿವಿಗಳಿಲ್ಲ. ಕೊಳವೆಗಳ ತುದಿಯ ಅಗಲ ಬಳೆಗಳಾದ ಎರಡು ಫ್ಲೇಂಜ್‌ಗಳ ನಡುವೆ ಅದನ್ನು ಇಟ್ಟು, ಈಚೆಯಿಂದ ಆಚೆಗೆ ಹಾಯುವ ಉದ್ದನೆಯ ಬೋಲ್ಟ್‌ಗಳಿಂದ ಬಿಗಿಯಬೇಕು. ಒಬ್ಬ ಬೋಲ್ಟಿನ ತಲೆ ಹಿಡಿಯಬೇಕು, ಇನ್ನೊಬ್ಬ ನಟ್ ತಿರುಗಿಸಬೇಕು.

"ಇದೂ ಕೆಟ್ರೆ ನೀನು ಮನೆಗೆ," ಎಂದು ಫೋರ್‌ಮನ್ ಫಿಟ್ಟರನಿಗೆ ಹೇಳಿ ಹೋದ.

ಫಿಟ್ಟರ್ ನಟ್ ತಿರುಗಿಸತೊಡಗಿದ. ಕಣ್ಣೆಲ್ಲ ಮೈದುನನ ಕೈಯ ಮೇಲೆ. ಇನ್ನೂ ಸಡಿಲವಿದ್ದ ಬೋಲ್ಟ್ ಥಟ್ಟನೆ ಗರಗರ ಸುತ್ತಿತು. ಮೈದುನ ಸ್ಪ್ಯಾನರ್ ತೆಗೆದುಬಿಟ್ಟಿದ್ದ.

"ಹಿಡ್ಕೊಳ್ಳೋ ದರಿದ್ರ! ನನ್ನ ಅನ್ನಕ್ಕೆ ಮಣ್ಣು ಹಾಕ್ತೀಯಾ?" ವರ್ಷಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

"ಹಾಕೋ ಹಾಗಿದ್ರೆ ಬಾಯಿ ಮುಚ್ಕೊಂಡು ಹಿಡ್ಕೊಂಡಿರ್ತಿದ್ದೆ ಭಾವ. ಹ್ಯಾಂಡಲ್ ನೋಡಿ. ಅಡ್ಡ ನಿಂತಿದೆ, ನಿಮ್ಮ ಹಾಗೇ."

ಫಿಟ್ಟರ್ ನೋಡಿದ. ಮುಖ ಕಪ್ಪಿಟ್ಟಿತು. "ಏನು, ನಂಗೆ ಉಪಕಾರ ಮಾಡೋಕೆ ಬಂದ್ಯಾ?"

"ನಿಮಗಲ್ಲ, ನಮ್ಮಕ್ಕಂಗೆ. ಹಗಲೆಲ್ಲ ನಿಮ್ಮನ್ನ ಮನೇಲಿಟ್ಕೊಂಡು ಅವಳು ಬದುಕೋದು ಹೇಗೆ?"

ಫಿಟ್ಟರ್ ಹಲ್ಲು ಕಚ್ಚಿ ತಟ್ಟೆಯನ್ನು ತುಸು ತೆರೆದ. ಎದುರುಬದುರು ಬೋಲ್ಟ್‌ಗಳನ್ನು ಸರದಿಯಂತೆ ಬಿಗಿದ. ನೀರು ಹರಿಯಿತು, ಹನಿಯೂ ಸೋರಲಿಲ್ಲ. ಕೆಲಸ ಉಳಿಯಿತು. ಆ ದಿನ ಊಟಕ್ಕೆ ಮಾತ್ರ ಅವನು ಮೈದುನನಿಗೆ ಬೆನ್ನು ಹಾಕಿ ಕೂತ.

ಇತ್ತೀಚೆಗೆ ಅವನು ಸ್ಪ್ಯಾನರ್ ಎತ್ತುವ ಮುನ್ನ ಹ್ಯಾಂಡಲ್ ನೋಡುತ್ತಾನೆ. ಬಿಡುವಾದಾಗ ಸ್ಟೋರಿನ ಬಾಗಿಲಲ್ಲಿ ನಿಂತು, "ಲಗ್ ವಾಲ್ವ್ ಬಿಟ್ಟು ಬೇರೆ ತರ್ಸಿದ್ರೆ ನೋಡು!" ಎಂದು ಸ್ಟೋರ್‌ಕೀಪರನ ಮೇಲೆ ಹರಿಹಾಯುತ್ತಾನೆ.